ಪರೇಲ್‌ನಲ್ಲಿ ಕೆಂಬಾವುಟ ಇಳಿದದ್ದು ಹೇಗೆ?

ಚುನಾವಣಾ ಫಲಿತಾಂಶದ ದಿನ ನಮ್ಮ ಸ್ಟುಡಿಯೋದಲ್ಲಿ ಒಂದು ಮಾತು ಬಂದೇ ಬರುತ್ತೆ. ‘ಕಾರ್ಮಿಕರ ಪರ ಇರೋ ಪಕ್ಷಕ್ಕೆ ಕಾರ್ಮಿಕರೇ ಓಟು ಹಾಕಲ್ಲ ಅಂದ್ರೆ ಏನು ಸ್ವಾಮಿ? ಭಾವನೆಗೆ ಮರುಳಾದ್ರು, ಅಷ್ಟೇ.’ ಈ ತೀರ್ಪು ಕೊಡುವವರಿಗೆ ನಾನು ಮುಂಬೈನ ಪರೇಲ್ ಕಥೆ ಹೇಳ್ತೀನಿ.

ಪರೇಲ್, ಲಾಲ್‌ಬಾಗ್, ವರ್ಲಿ ಸುತ್ತಲಿನ ಹತ್ತಿ ಗಿರಣಿಗಳ ಪ್ರದೇಶಕ್ಕೆ ಗಿರಣ್‌ಗಾಂವ್ ಅಂತಲೇ ಹೆಸರು. ಅಂದರೆ ಗಿರಣಿಗಳ ಊರು. 1928ರಲ್ಲಿ ಇಲ್ಲಿನ ಕೆಲಸಗಾರರು ಆರು ತಿಂಗಳು ಮುಷ್ಕರ ಹೂಡಿದ್ದರು. ಗಿರಣಿ ಕಾಮಗಾರ್ ಯೂನಿಯನ್ ಹುಟ್ಟಿದ್ದು ಆಗಲೇ. ಆ ಮುಷ್ಕರದಿಂದ ಬೆಳೆದ ಕಮ್ಯುನಿಸ್ಟ್ ನಾಯಕ ಎಸ್.ಎ. ಡಾಂಗೆಯವರನ್ನು 1957ರಲ್ಲಿ ಇದೇ ಜನ ಲೋಕಸಭೆಗೆ ಕಳಿಸಿದರು. ಆದರೆ ಒಂದು ವಿಷಯ ಗಮನಿಸಿ. 1957ರ ಆ ಗೆಲುವು ಬರೀ ಕೂಲಿ, ಬೋನಸ್ ಹೋರಾಟಕ್ಕೆ ಸಿಕ್ಕಿದ್ದಲ್ಲ. ಆಗ ಸಂಯುಕ್ತ ಮಹಾರಾಷ್ಟ್ರ ಚಳವಳಿ ಉರಿಯುತ್ತಿತ್ತು, ಕಮ್ಯುನಿಸ್ಟರು ಅದರ ಮುಂಚೂಣಿಯಲ್ಲಿದ್ದರು. ಕಾರ್ಮಿಕ ಅನ್ನೋದೂ ಮರಾಠಿಗ ಅನ್ನೋದೂ ಒಂದೇ ಬಾವುಟದ ಕೆಳಗಿದ್ದವು.

1960ರ ಮೇ 1ರಂದು ಮಹಾರಾಷ್ಟ್ರ ರಾಜ್ಯವಾಯಿತು. ರಾಜ್ಯ ಬಂತು, ಕೆಲಸ ಬರಲಿಲ್ಲ. 1962ರಲ್ಲಿ ಚೀನಾ ಯುದ್ಧ, ಎಡಪಕ್ಷದ ಮೇಲೆ ದೇಶದ್ರೋಹದ ಗುಮಾನಿ. 1964ರಲ್ಲಿ ಪಕ್ಷ ಎರಡು ಹೋಳು. ಇವೆಲ್ಲ ಕಾರಣಗಳು ಹೌದು, ಅಲ್ಲ ಅನ್ನಲ್ಲ. ಆದರೆ ನನ್ನ ಪ್ರಕಾರ ಅಸಲಿ ಪೆಟ್ಟು ಬಿದ್ದಿದ್ದು ಚಾಳಿನ ಒಳಗೆ.

ಯೂನಿಯನ್‌ನ ಶಕ್ತಿ ಇದ್ದದ್ದು ಗಿರಣಿ ಗೇಟಿನಲ್ಲಿ. ಅಪ್ಪ ಪಾಳಿ ಮುಗಿಸಿ ಬರುವಾಗ ಗೇಟ್ ಮೀಟಿಂಗ್. ಸರಿ, ಮಗ? ಅವನು ಅಷ್ಟಿಷ್ಟು ಓದಿದ್ದಾನೆ, ಗಿರಣಿಯಲ್ಲಿ ಸಿಕ್ಕರೆ ಬದಲಿ ಕೆಲಸ, ಆಫೀಸಿನಲ್ಲಿ ಗುಮಾಸ್ತಿಕೆಗೆ ಹೋದರೆ ಖಾಲಿ ಇಲ್ಲ. ಅವನು ಯಾವ ಗೇಟಿಗೆ ಹೋಗಬೇಕು? 1966ರ ಜೂನ್‌ನಲ್ಲಿ ಬಾಳ್ ಠಾಕ್ರೆ ಶಿವಸೇನೆ ಕಟ್ಟಿದ್ದು ಈ ಹುಡುಗನಿಗಾಗಿ. ‘ನಿನ್ನ ಕೆಲಸ ಮದ್ರಾಸಿಗಳು ಕಿತ್ತುಕೊಂಡ್ರು’ ಅಂದರು. ಆ ‘ಮದ್ರಾಸಿ’ ಪಟ್ಟಿಯಲ್ಲಿ ಇಡ್ಲಿ, ದೋಸೆ ಮಾರುತ್ತಿದ್ದ ನಮ್ಮ ಉಡುಪಿ ಹೋಟೆಲಿನವರೂ ಇದ್ದರು, ಏಟೂ ತಿಂದರು. ಅದು ಸುಳ್ಳು ಲೆಕ್ಕ, ಕೆಟ್ಟ ರಾಜಕಾರಣ. ಆದರೆ ಸೇನೆ ಅದರ ಜೊತೆಗೆ ಬೀದಿಗೊಂದು ಶಾಖೆ ತೆರೆಯಿತು. ನಲ್ಲಿಯಲ್ಲಿ ನೀರಿಲ್ಲವಾ, ಅರ್ಜಿ ಬರೆಸಬೇಕಾ, ಗಣೇಶೋತ್ಸವಕ್ಕೆ ಜನ ಬೇಕಾ? ಎಲ್ಲಕ್ಕೂ ಶಾಖೆ. ಯೂನಿಯನ್ ಕಚೇರಿಯಲ್ಲಿ ಆ ಹುಡುಗನಿಗೆ ಕುರ್ಚಿ ಇರಲಿಲ್ಲ, ಇಲ್ಲಿ ಪದವಿಯೇ ಸಿಕ್ಕಿತು.

1970ರ ಜೂನ್‌ನಲ್ಲಿ ಪರೇಲ್‌ನ ಕಮ್ಯುನಿಸ್ಟ್ ಶಾಸಕ ಕೃಷ್ಣ ದೇಸಾಯಿ ಅವರ ಕೊಲೆಯಾಯಿತು. ಆರೋಪಿಗಳು ಶಿವಸೇನೆಯ ಹುಡುಗರು. ಅಕ್ಟೋಬರ್‌ನಲ್ಲಿ ಉಪಚುನಾವಣೆ. ಕಣದಲ್ಲಿ ದೇಸಾಯಿ ಅವರ ಪತ್ನಿ ಸರೋಜಿನಿ. ಅನುಕಂಪ ಇರಬೇಕಿತ್ತಲ್ವಾ? ಇತ್ತು. ಆದರೂ ಸೇನೆಯ ವಾಮನ್‌ರಾವ್ ಮಹಾಡಿಕ್ 1,679 ಮತಗಳಿಂದ ಗೆದ್ದು ಆ ಪಕ್ಷದ ಮೊದಲ ಶಾಸಕರಾದರು. ಅಂತರ ಸಣ್ಣದು. ಅಪ್ಪ ಒಂದು ಕಡೆ, ಮಗ ಒಂದು ಕಡೆ ಹಾಕಿದ ಮನೆಗಳು ಎಷ್ಟಿದ್ದವೋ!

ಎಡಪಕ್ಷದ ಕಣ್ಣಿಗೆ ಬೀಳದ ಇನ್ನೊಬ್ಬ ಕಾರ್ಮಿಕನೂ ಇದ್ದ, ಅದು ಇನ್ನೂ ಹಳೇ ಕಥೆ. ಹೆಚ್ಚು ಕೂಲಿ ಸಿಗುತ್ತಿದ್ದ ನೇಯ್ಗೆ ವಿಭಾಗದೊಳಗೆ ದಲಿತರಿಗೆ ಪ್ರವೇಶವಿರಲಿಲ್ಲ. ಲಾಳಿಗೆ ದಾರ ಹಾಕುವಾಗ ಬಾಯಿ ತಾಗಿಸಬೇಕು, ಎಂಜಲು, ಮೈಲಿಗೆ ಅನ್ನೋ ನೆಪ. 1928ರ ಮುಷ್ಕರದಲ್ಲೇ ಅಂಬೇಡ್ಕರ್ ಈ ಪ್ರಶ್ನೆ ಎತ್ತಿದ್ದರು. ಅಂಬೇಡ್ಕರ್ ಹಿಂದೆ ಹೋದ ಆ ಜನರನ್ನು ‘ಭಾವನೆಗೆ ಮರುಳಾದವರು’ ಅಂತೀರಾ?

ಸೇನೆ ಗೆದ್ದಿತು ಅಂತ ಕಾರ್ಮಿಕ ಹೋರಾಟ ಬಿಟ್ಟನಾ? ಇಲ್ಲ. 1982ರ ಜನವರಿ 18ರಂದು ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಕೆಲಸ ನಿಲ್ಲಿಸಿದರು. ಆಗ ಅವರು ನಾಯಕತ್ವ ವಹಿಸಿ ಅಂತ ಹೋಗಿದ್ದು ಡಾಂಗೆ ಪಕ್ಷದ ಬಾಗಿಲಿಗಲ್ಲ, ಠಾಕ್ರೆ ಬಾಗಿಲಿಗೂ ಅಲ್ಲ. ಕಮ್ಯುನಿಸ್ಟನೇ ಅಲ್ಲದ ದತ್ತಾ ಸಾಮಂತ್ ಎಂಬ ಡಾಕ್ಟರ್ ಹತ್ತಿರ. ಆ ಮುಷ್ಕರ ಸೋತಿತು, ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಆದರೂ 1984ರಲ್ಲಿ, ಇಂದಿರಾ ಹತ್ಯೆಯ ನಂತರ ಕಾಂಗ್ರೆಸ್ ಅಲೆ ಎದ್ದಿದ್ದಾಗ, ಸೋತ ಆ ನಾಯಕನನ್ನೇ ಅವರು ಲೋಕಸಭೆಗೆ ಆರಿಸಿ ಕಳಿಸಿದರು.