‘ಇನ್ನು ಬರೋದು ಬೇಡ’: ಮನೋಚಿಕಿತ್ಸೆ ಮುಗಿಸುವುದಕ್ಕೂ ಒಂದು ರೀತಿ ಇದೆ

ಸ್ಪರ್ಧಾತ್ಮಕ ಪರೀಕ್ಷೆಗೆ ಓದಲು ಧಾರವಾಡಕ್ಕೆ ಬಂದು ರೂಮ್ ಮಾಡಿಕೊಂಡಿರುವ ಹುಡುಗಿಯೊಬ್ಬಳನ್ನು ಊಹಿಸಿಕೊಳ್ಳಿ. ಎರಡನೇ ಸಲವೂ ಪ್ರಿಲಿಮ್ಸ್ ಕೈಕೊಟ್ಟಿದೆ, ನಿದ್ದೆ ಇಲ್ಲ, ಮನೆಯಿಂದ ಫೋನ್ ಬಂದರೆ ಎದೆ ಡವಡವ. ಗೆಳತಿಯ ಒತ್ತಾಯಕ್ಕೆ ಒಂದು ಆಸ್ಪತ್ರೆಗೆ ಹೋಗುತ್ತಾಳೆ. ಅಲ್ಲಿ ತರಬೇತಿಯಲ್ಲಿರುವ ಮನಶ್ಶಾಸ್ತ್ರಜ್ಞೆಯೊಬ್ಬರ ಜೊತೆ ಐದು ತಿಂಗಳು ವಾರಕ್ಕೊಮ್ಮೆ ಮಾತು. ಯಾರಿಗೂ ಹೇಳದ ಸಂಗತಿಗಳನ್ನೆಲ್ಲ ಹೇಳಿದ್ದಾಳೆ. ಒಂದು ಸೋಮವಾರ ಹೋದರೆ ಆ ಕುರ್ಚಿಯಲ್ಲಿ ಬೇರೆಯವರು. “ಆ ಮೇಡಂದು ಕೋರ್ಸ್ ಮುಗೀತ್ರಿ, ಹೋದ್ರು. ಕೂಡ್ರಿ, ಏನ್ ತ್ರಾಸ ಐತಿ ಹೇಳ್ರಿ.” ಹುಡುಗಿ ಎರಡು ಮಾತಾಡಿ ಎದ್ದು ಬರುತ್ತಾಳೆ, ಮತ್ತೆ ಆ ಕಡೆ ಹೋಗುವುದಿಲ್ಲ. ಆಸ್ಪತ್ರೆಯ ಕಡತದಲ್ಲಿ ‘ರೋಗಿ ಬರುವುದನ್ನು ನಿಲ್ಲಿಸಿದರು’ ಎಂದಷ್ಟೇ ಇರುತ್ತದೆ.

ಇಲ್ಲಿ ಯಾರೂ ಕೆಟ್ಟವರಲ್ಲ. ತರಬೇತಿ ಮುಗಿದವರು ಹೋಗಲೇಬೇಕು, ಹೊಸಬರು ಬರಲೇಬೇಕು. ಆದರೂ ಇಲ್ಲಿ ಒಂದು ತಪ್ಪು ನಡೆದಿದೆ, ಅದನ್ನು ತಪ್ಪಿಸುವುದು ಕಷ್ಟವೂ ಆಗಿರಲಿಲ್ಲ. ಆ ಮೇಡಂ ಎಂದು ಹೋಗುವವರೆಂಬುದು ಅವರಿಗೆ ಮೊದಲ ದಿನವೇ ಗೊತ್ತಿತ್ತು. ಹೇಳಬೇಕಿತ್ತು, ಅಷ್ಟೇ.

ಹಲ್ಲು ಕೀಳಿಸಿಕೊಂಡ ಮೇಲೆ ದಂತವೈದ್ಯರು ವರ್ಗವಾಗಿ ಹೋದರೆ ನಮಗೇನೂ ಅನ್ನಿಸುವುದಿಲ್ಲ. ಮನೋಚಿಕಿತ್ಸೆ ಹಾಗಲ್ಲ. ಅಲ್ಲಿ ಮಾತೇ ಮದ್ದು, ಮಾತಾಡುವಷ್ಟು ನಂಬಿಕೆ ಹುಟ್ಟುವುದೇ ಅರ್ಧ ಕೆಲಸ. ಚಿಕ್ಕಂದಿನಲ್ಲಿ ತಂದೆಯನ್ನು ಕಳೆದುಕೊಂಡವರು, ಹೇಳದೆ ಕೇಳದೆ ಬಿಟ್ಟುಹೋದ ಸಂಬಂಧದಿಂದ ನೊಂದವರು ಚಿಕಿತ್ಸೆಗೆ ಬಂದಿರುತ್ತಾರೆ. ಅವರಿಗೆ ಚಿಕಿತ್ಸಕರೂ ಹೇಳದೆ ಕೇಳದೆ ಮಾಯವಾದರೆ ಹಳೆಯ ಗಾಯವನ್ನೇ ಕೆದಕಿದಂತೆ. ಅದಕ್ಕೇ ಮುಕ್ತಾಯವನ್ನು ಚಿಕಿತ್ಸೆಯ ಒಂದು ಹಂತವೆಂದೇ ಕಲಿಸುತ್ತಾರೆ. ಖಿನ್ನತೆಗೆ ಕೊಡುವ ‘ಇಂಟರ್‌ಪರ್ಸನಲ್ ಥೆರಪಿ’ ಸಾಮಾನ್ಯವಾಗಿ 12ರಿಂದ 16 ಭೇಟಿಗಳದ್ದು. ಅದರ ಕೊನೆಯ ಕೆಲವು ಭೇಟಿಗಳು ಬೀಳ್ಕೊಡುಗೆಯ ಬಗ್ಗೆ ಮಾತಾಡುವುದಕ್ಕೇ ಮೀಸಲು.

ಈ ತಲೆನೋವು ಹೊಸದೇನಲ್ಲ. ಸಿಗ್ಮಂಡ್ ಫ್ರಾಯ್ಡ್ ವರ್ಷಗಟ್ಟಲೆ ಚಿಕಿತ್ಸೆಯಲ್ಲಿದ್ದ ರಷ್ಯಾದ ಯುವಕನೊಬ್ಬನಿಗೆ ಇಂಥ ದಿನ ಮುಗಿಸುತ್ತೇನೆ ಎಂದು ಗಡುವು ಕೊಟ್ಟರು, 1914ರಲ್ಲಿ ಮುಗಿಸಿಯೂಬಿಟ್ಟರು. ಮೊದಲ ಮಹಾಯುದ್ಧದ ನಂತರ ಆತ ಮತ್ತೆ ಅವರ ಬಾಗಿಲಿಗೇ ಬಂದ, ಮುಂದೆ ಬೇರೆ ಚಿಕಿತ್ಸಕರ ಹತ್ತಿರವೂ ಹೋದ. ಚಿಕಿತ್ಸೆಗೆ ನಿಜವಾಗಿ ಕೊನೆ ಎಂಬುದಿದೆಯೇ ಎಂದು ಫ್ರಾಯ್ಡ್ 1937ರಲ್ಲಿ ಒಂದು ದೀರ್ಘ ಪ್ರಬಂಧವನ್ನೇ ಬರೆದರು.

ಧಾರವಾಡಕ್ಕೂ ಈ ಪ್ರಶ್ನೆ ಹಳೆಯದೇ. ಬೆಳಗಾವಿ ರಸ್ತೆಯಲ್ಲಿರುವ ಡಿಮ್ಹಾನ್ಸ್ ಸಂಸ್ಥೆಯ ಮೂಲ 1845ರಲ್ಲಿ, ಬ್ರಿಟಿಷರ ಕಾಲದಲ್ಲಿ ಶುರುವಾದ ಹುಚ್ಚಾಸ್ಪತ್ರೆ. ಆಗಿನ ಕಾಲದ ಹುಚ್ಚಾಸ್ಪತ್ರೆಗಳಲ್ಲಿ, ಅದು ಯಾವ ಊರಿನದೇ ಇರಲಿ, ಒಳಗೆ ಹೋದವರು ಹೊರಗೆ ಬರುತ್ತಾರೋ ಇಲ್ಲವೋ ಎಂಬುದೇ ಪ್ರಶ್ನೆಯಾಗಿತ್ತು. ಇಂದಿನ ಪ್ರಶ್ನೆ ಬೇರೆ: ಹೊರಗೆ ಬಂದವರ ಕೈಯಲ್ಲಿ ಏನಿರಬೇಕು? 2018ರ ಮೇ ತಿಂಗಳಿಂದ ಜಾರಿಯಲ್ಲಿರುವ ‘ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017’ರ 98ನೇ ಕಲಂ ಇದಕ್ಕೆ ಉತ್ತರ ಕೊಡುತ್ತದೆ. ಮಾನಸಿಕ ಆಸ್ಪತ್ರೆಯಿಂದ ಬಿಡುಗಡೆ ಮಾಡುವಾಗ ಅಥವಾ ಹೊಸ ಮನೋವೈದ್ಯರಿಗೆ ಜವಾಬ್ದಾರಿ ದಾಟಿಸುವಾಗ, ಈವರೆಗೆ ನೋಡಿಕೊಂಡ ಮನೋವೈದ್ಯರು ರೋಗಿಯ ಜೊತೆ, ಮನೆಯಲ್ಲಿ ನೋಡಿಕೊಳ್ಳುವವರ ಜೊತೆ, ಮುಂದೆ ನೋಡಲಿರುವ ವೈದ್ಯರ ಜೊತೆ ಸಮಾಲೋಚಿಸಬೇಕು. ಮುಂದಿನ ಚಿಕಿತ್ಸೆಗೆ ಒಂದು ಯೋಜನೆ ಆಗಬೇಕು. ಬಿಡುಗಡೆಯ ನಂತರದ ಮೊದಲ ಕೆಲವು ವಾರಗಳಲ್ಲಿ ಆತ್ಮಹತ್ಯೆಯ ಅಪಾಯ ಹೆಚ್ಚಿರುತ್ತದೆ ಎಂಬುದು ಹಲವು ದೇಶಗಳಲ್ಲಿ ಕಂಡ ಸತ್ಯ. ಹಾಗಾಗಿ ಡಿಸ್ಚಾರ್ಜ್ ಚೀಟಿಯಲ್ಲಿ ಮುಂದಿನ ಭೇಟಿಯ ತಾರೀಕು ಇದೆಯೇ ಎಂದು ನೋಡುವುದು ಸಣ್ಣ ವಿಷಯವಲ್ಲ.

ಆದರೆ ಈ ಕಲಂ ಅನ್ವಯವಾಗುವುದು ಆಸ್ಪತ್ರೆಗಳಿಗೆ, ಮನೋವೈದ್ಯರಿಗೆ. ಹುಬ್ಬಳ್ಳಿಯ ವಿದ್ಯಾನಗರದಲ್ಲೋ ಧಾರವಾಡದ ಸಪ್ತಾಪುರದಲ್ಲೋ ಒಬ್ಬರೇ ಕುಳಿತು ಕೌನ್ಸೆಲಿಂಗ್ ಮಾಡುವವರನ್ನು ಹಿಡಿದಿಡುವುದು ವೃತ್ತಿಯ ನೀತಿ. ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘದ ನೀತಿಸಂಹಿತೆಯಲ್ಲಿ ಇದು ಸ್ಪಷ್ಟವಾಗಿದೆ: ಅಗತ್ಯ ತೀರಿದ್ದರೆ, ಪ್ರಯೋಜನ ಆಗುವ ಲಕ್ಷಣ ಕಾಣದಿದ್ದರೆ ಅಥವಾ ಚಿಕಿತ್ಸೆಯಿಂದ ಹಾನಿಯೇ ಆಗುತ್ತಿದ್ದರೆ ನಿಲ್ಲಿಸಬೇಕು. ನಿಲ್ಲಿಸುವ ಮುಂಚೆ ಅದರ ಬಗ್ಗೆ ಮಾತಾಡಬೇಕು, ಬೇರೆ ಯಾರ ಹತ್ತಿರ ಹೋಗಬಹುದೆಂದು ಸೂಚಿಸಬೇಕು. ಕ್ಲೈಂಟ್ ಅಥವಾ ಅವರ ಕಡೆಯವರು ಬೆದರಿಕೆ ಹಾಕಿದರೆ ತಕ್ಷಣ ನಿಲ್ಲಿಸುವ ಅವಕಾಶವೂ ಇದೆ.

ಆ ಮೊದಲ ಮಾತನ್ನು ಗಮನಿಸಿ. ಅಗತ್ಯ ತೀರಿದ ಮೇಲೂ ‘ಇನ್ನೂ ಸ್ವಲ್ಪ ದಿನ ಬನ್ನಿ’ ಎಂದು ವರ್ಷಗಟ್ಟಲೆ ಫೀಸು ತೆಗೆದುಕೊಳ್ಳುವುದು, ನಡುವೆ ಕೈಬಿಡುವಷ್ಟೇ ದೊಡ್ಡ ತಪ್ಪು. ನಮ್ಮ ಪ್ರಕಾರ ಇದರ ಬಗ್ಗೆ ಮಾತು ಕಡಿಮೆ. ‘ಕೌನ್ಸೆಲಿಂಗ್‌ಗೆ ಹೋದರೆ ಮುಗಿಯುವುದೇ ಇಲ್ಲ’ ಎಂಬ ಜನರ ಅಂಜಿಕೆಗೆ ಒಂದು ಕಾರಣ ಇದೂ ಇರಬಹುದು. ಫೀಸು ಕೊಡಲಾಗದವರ ವಿಷಯದಲ್ಲಿ? ಚಿಕಿತ್ಸಕರು ಧರ್ಮಕ್ಕೆ ನೋಡಲೇಬೇಕೆಂದಿಲ್ಲ. ಆದರೆ ಮುಂಚೆ ಹೇಳದೆ, ಜೀವದ ಮೇಲೆ ಆಸೆ ಬಿಟ್ಟವರನ್ನು ಹಣಕ್ಕಾಗಿ ಬಾಗಿಲಿಂದ ಕಳಿಸುವಂತಿಲ್ಲ. ಕಡಿಮೆ ಖರ್ಚಿನ ಸರ್ಕಾರಿ ಆಸ್ಪತ್ರೆಯ ದಾರಿಯನ್ನಾದರೂ ತೋರಿಸಬೇಕು.

ಚೆನ್ನಾಗಿ ಮುಗಿಸುವುದು ಹೇಗಿರುತ್ತದೆ? ವಾರಕ್ಕೊಂದಿದ್ದ ಭೇಟಿ ಹದಿನೈದು ದಿನಕ್ಕೊಂದು, ಆಮೇಲೆ ತಿಂಗಳಿಗೊಂದಾಗುತ್ತದೆ. ನಡುವಿನ ದಿನಗಳಲ್ಲಿ ಕ್ಲೈಂಟ್ ತಾವೇ ನಿಭಾಯಿಸಿ ನೋಡುತ್ತಾರೆ. ಕಲಿತದ್ದೇನು, ಮತ್ತೆ ಕುಸಿಯುವ ಮುನ್ನ ಯಾವ ಸೂಚನೆ ಕಾಣುತ್ತದೆ (ನಿದ್ದೆ ಕೆಡುವುದೇ, ಊಟ ಬಿಡುವುದೇ, ಫೋನ್ ಎತ್ತದಿರುವುದೇ), ಆಗ ಯಾರಿಗೆ ಹೇಳಬೇಕು ಎಂಬುದನ್ನು ಇಬ್ಬರೂ ಕೂತು ಬರೆದುಕೊಳ್ಳುತ್ತಾರೆ. ಕೊನೆಯ ಭೇಟಿಗಳಲ್ಲಿ ಹಳೆಯ ಲಕ್ಷಣ ಸ್ವಲ್ಪ ಮರುಕಳಿಸುವುದುಂಟು; ಅದನ್ನು ಕಂಡು ‘ಇಷ್ಟು ದಿನದ್ದೆಲ್ಲ ವ್ಯರ್ಥ’ ಎಂದುಕೊಳ್ಳಬೇಕಿಲ್ಲ. ಚಿಕಿತ್ಸಕರೇ ಬದಲಾಗುವುದಾದರೆ ಹಳಬರೂ ಹೊಸಬರೂ ಕೂಡಿ ಒಂದು ಭೇಟಿ ಮಾಡುವುದು ಒಳ್ಳೆಯದು. ಆ ಹುಡುಗಿಗೆ ಬೇಕಾಗಿದ್ದುದು ಇದೇ: ತನ್ನ ಕಥೆಯನ್ನು ಮೊದಲಿನಿಂದ ಹೇಳದಿರುವ ಅವಕಾಶ.

ಕ್ಲೈಂಟ್‌ಗಳೇ ಅರ್ಧಕ್ಕೆ ಬಿಡುವುದೂ ಬಹಳ. 2012ರಲ್ಲಿ ಪ್ರಕಟವಾದ, 669 ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯಲ್ಲಿ ಸುಮಾರು ಐವರಲ್ಲಿ ಒಬ್ಬರು ಹೀಗೆ ಬಿಟ್ಟವರು. ಬಿಡಲು ನಿಮಗೆ ಹಕ್ಕಿದೆ, ಕಾರಣ ಹೇಳಲೇಬೇಕೆಂದೂ ಇಲ್ಲ. ಆದರೆ ‘ನಿಮ್ಮಿಂದ ಉಪಯೋಗ ಆಗ್ತಿಲ್ಲ’ ಎಂದು ಮುಖಾಮುಖಿ ಹೇಳಿದ ದಿನವೇ ಚಿಕಿತ್ಸೆ ಸರಿದಾರಿಗೆ ಬಂದದ್ದೂ ಉಂಟು. ನಮ್ಮ ಕಡೆ ‘ಮೇಡಂಗೆ ಬ್ಯಾಸರ ಆಗ್ತದ’ ಎಂದು ಸಂಕೋಚ. ಅದನ್ನು ಕೇಳಿಸಿಕೊಳ್ಳುವುದೂ ಅವರ ಕೆಲಸವೇ.

ಒಂದು ಅಪಾಯಕಾರಿ ತಪ್ಪು ತಿಳಿವಳಿಕೆ: ಕೌನ್ಸೆಲಿಂಗ್ ಮುಗಿಯಿತು, ಹಾಗಾದರೆ ಮಾತ್ರೆಯೂ ಮುಗಿಯಿತು. ಇವೆರಡೂ ಬೇರೆ ಬೇರೆ. ಪ್ಯಾರಾಕ್ಸೆಟಿನ್, ವೆನ್ಲಾಫ್ಯಾಕ್ಸಿನ್‌ನಂಥ ಮಾತ್ರೆಗಳನ್ನು ಒಮ್ಮೆಲೇ ಬಿಟ್ಟರೆ ತಲೆಸುತ್ತು, ವಾಕರಿಕೆ, ಚಡಪಡಿಕೆ ಬರಬಹುದು. ತುಂಬಾ ದಿನ ತೆಗೆದುಕೊಂಡ ಆಲ್ಪ್ರಾಜೋಲಮ್, ಕ್ಲೋನಾಜೆಪಾಮ್ ಥಟ್ಟನೆ ನಿಲ್ಲಿಸಿದರೆ ಫಿಟ್ಸ್ ಬರುವ ಅಪಾಯವಿದೆ. ಮಾತ್ರೆ ಕಡಿಮೆ ಮಾಡುವುದು, ನಿಲ್ಲಿಸುವುದು ಬರೆದುಕೊಟ್ಟ ವೈದ್ಯರ ಜೊತೆ ಮಾತಾಡಿಯೇ ಆಗಬೇಕು.

ಮುಗಿದ ಮೇಲೆ ಏನು? ಹುಬ್ಬಳ್ಳಿ-ಧಾರವಾಡದ ನಡುವೆ 20 ಕಿಲೋಮೀಟರ್. ಮದುವೆ ಮನೆಯಲ್ಲೋ ಬಸ್ಸಿನಲ್ಲೋ ಎದುರಾಗದೆ ಇರಲು ಸಾಧ್ಯವಿಲ್ಲ. ಆಗ ಚಿಕಿತ್ಸಕರು ತಾವಾಗಿ ಮಾತಾಡಿಸುವುದಿಲ್ಲ. ಅದು ಸೊಕ್ಕಲ್ಲ, ಪಕ್ಕದಲ್ಲಿರುವ ನಿಮ್ಮ ಅತ್ತೆಗೆ ‘ಇವರು ಹೆಂಗ ಪರಿಚಯ?’ ಎಂದು ಕೇಳುವ ಸಂದರ್ಭ ಬಾರದಿರಲಿ ಎಂದು. ನೀವೇ ನಮಸ್ಕಾರ ಎಂದರೆ ಅವರೂ ಎನ್ನುತ್ತಾರೆ. ಕೊನೆಯ ದಿನ ಒಂದು ಡಬ್ಬಿ ಪೇಡೆ ಕೊಟ್ಟರೆ ಬಹುತೇಕರು ಬೇಡ ಎನ್ನಲಾರರು. ಚಿನ್ನದ ಉಂಗುರವನ್ನು ಖಂಡಿತ ತೆಗೆದುಕೊಳ್ಳಬಾರದು. ಗುಟ್ಟು ಕಾಯುವ ಹೊಣೆಗೆ ಕೊನೆಯ ದಿನಾಂಕವಿಲ್ಲ. ಮುಗಿದ ತಕ್ಷಣ ಪ್ರೇಮ, ವ್ಯಾಪಾರ, ಸಾಲ ಎಂದು ಹತ್ತಿರ ಬರುವ ಚಿಕಿತ್ಸಕರಿಂದ ದೂರವಿರಿ.

ಸದ್ಯ ಚಿಕಿತ್ಸೆಯಲ್ಲಿರುವವರು ಮುಂದಿನ ಭೇಟಿಯಲ್ಲೇ ಕೇಳಬಹುದು: “ನೀವು ಇಲ್ಲಿ ಎಷ್ಟು ದಿನ ಇರ್ತೀರಿ? ನಾವು ಯಾವಾಗ ಮುಗಿಸೋದು, ಆಮ್ಯಾಲೆ ಯಾರ ಹತ್ರ ಹೋಗ್ಲಿ?” ಮಾನಸಿಕ ಆರೋಗ್ಯ ಕಾಯ್ದೆಯ 25ನೇ ಕಲಂ ಪ್ರಕಾರ ನಿಮ್ಮ ಮೂಲ ವೈದ್ಯಕೀಯ ದಾಖಲೆ ಪಡೆಯುವ ಹಕ್ಕು ನಿಮಗಿದೆ, 28ನೇ ಕಲಂ ಪ್ರಕಾರ ಸೇವೆಯ ಲೋಪದ ಬಗ್ಗೆ ಆಸ್ಪತ್ರೆಯ ಮುಖ್ಯಸ್ಥರಿಗೆ ದೂರು ಕೊಡಬಹುದು. ಚಿಕಿತ್ಸಕರು ಈಗಾಗಲೇ ಹೋಗಿಬಿಟ್ಟಿದ್ದು, ದಿಕ್ಕು ತೋಚದಿದ್ದರೆ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ; ಕನ್ನಡದಲ್ಲೇ ಮಾತಾಡಬಹುದು.