ಗಣಕಯಂತ್ರಗಳ ಆದೇಶಗಣ: ಸರಳ ಸಂಕೀರ್ಣ ಪದ್ಧತಿಗಳ ವಿವಾದ

ಗಣಕಯಂತ್ರದ ಪ್ರೊಸೆಸರು ನೇರವಾಗಿ ಅರಿತು ನಡೆಸಬಲ್ಲ ಮೂಲ ಆದೇಶಗಳ ಸಮುದಾಯವನ್ನು ಆದೇಶಗಣವೆನ್ನಬಹುದು. ಒಂದೊಂದು ಆದೇಶವೂ ಹಲವು ಕ್ರಿಯೆಗಳನ್ನು ಒಳಗೊಳ್ಳಬೇಕೆ, ಅಥವಾ ಒಂದೇ ಕ್ರಿಯೆಯನ್ನು ಹೇಳಬೇಕೆ ಎಂಬ ವಿಷಯದಲ್ಲಿ 1980ರ ದಶಕದಲ್ಲಿ ತಜ್ಞರೊಳಗೆ ತೀವ್ರವಾದ ವಾದವು ನಡೆಯಿತು. ಮೊದಲನೆಯ ಪದ್ಧತಿಯನ್ನು ಸಿಸ್ಕ್ ಎಂದೂ ಎರಡನೆಯದನ್ನು ರಿಸ್ಕ್ ಎಂದೂ ಕರೆಯುವರು. ಇವುಗಳ ಭೇದವು ದೀರ್ಘಸಮಾಸಕ್ಕೂ ಬಿಡಿಮಾತುಗಳಿಗೂ ಇರುವ ಭೇದದಂತಹುದು: ಸಮಾಸದಲ್ಲಿ ಬರೆಹವು ಕಿರಿದಾಗುವುದು, ಬಿಡಿಸುವ ಶ್ರಮವು ಹೆಚ್ಚುವುದು, ಬಿಡಿಮಾತುಗಳಲ್ಲಿ ಬರೆಹವು ಬೆಳೆಯುವುದು, ಅರ್ಥವು ಒಡನೆ ತಿಳಿಯುವುದು.

ಸಂಕೀರ್ಣ ಪದ್ಧತಿಯು ಅವಿವೇಕದಿಂದ ಹುಟ್ಟಿದುದಲ್ಲ. ಅಂದು ಮೆಮೊರಿಯು ಬಹು ಬೆಲೆಯುಳ್ಳದಾಗಿದ್ದುದರಿಂದ ಕಿರಿದಾದ ಬರೆಹವು ಮಿತವ್ಯಯವೆನಿಸಿದ್ದಿತು. ಇಂಗ್ಲೆಂಡಿನ ಮಾರಿಸ್ ವಿಲ್ಕ್ಸ್ ಅವರು 1951ರಲ್ಲಿ, ಒಂದೊಂದು ಆದೇಶವನ್ನೂ ಯಂತ್ರದೊಳಗೇ ಸೂಕ್ಷ್ಮಾದೇಶಗಳಾಗಿ ಬಿಡಿಸಿ ನಡೆಸುವ ಕ್ರಮವನ್ನು ಸೂಚಿಸಿದರು. ಐಬಿಎಂ ಸಂಸ್ಥೆಯು 1964ರಲ್ಲಿ ಪ್ರಕಟಿಸಿದ ಸಿಸ್ಟಂ/360 ವರ್ಗದಲ್ಲಿ, ಬೇರೆ ಬೇರೆ ಬೆಲೆಯ ಯಂತ್ರಗಳು ಒಂದೇ ಆದೇಶಗಣವನ್ನು ಅನುಸರಿಸಲು ಈ ಕ್ರಮವೇ ಬಹುಮಟ್ಟಿಗೆ ಆಧಾರವಾಯಿತು. 1977ರಲ್ಲಿ ಡಿಜಿಟಲ್ ಈಕ್ವಿಪ್‌ಮೆಂಟ್ ಸಂಸ್ಥೆಯು ಹೊರತಂದ ವ್ಯಾಕ್ಸ್-11/780 ಯಂತ್ರದಲ್ಲಿ ಬೀಜಗಣಿತದ ಬಹುಪದೋಕ್ತಿಯ ಬೆಲೆಯನ್ನು ಕಟ್ಟುವುದಕ್ಕೂ ಒಂದೇ ಆದೇಶವಿದ್ದಿತು.

ಇದಕ್ಕೆ ಎದುರಾದ ಆಕ್ಷೇಪವು ಬಳಕೆಯ ಪರೀಕ್ಷೆಯಿಂದ ಹುಟ್ಟಿತು. 1975ರಲ್ಲಿ ಐಬಿಎಂ ಸಂಸ್ಥೆಯ ಸಂಶೋಧನಾಲಯದಲ್ಲಿ ಜಾನ್ ಕಾಕ್ ಮೊದಲಾದವರು 801 ಎಂಬ ಯಂತ್ರದ ಕಾರ್ಯವನ್ನು ಕೈಕೊಂಡರು. ಮೇಲ್ಮಟ್ಟದ ಭಾಷೆಯ ಬರೆಹವನ್ನು ಯಂತ್ರದ ಆದೇಶಗಳಾಗಿ ಮಾರ್ಪಡಿಸುವ ಕಂಪೈಲರುಗಳು ಹೆಚ್ಚಾಗಿ ಸರಳಾದೇಶಗಳನ್ನೇ ಬಳಸುವುವೆಂಬುದು ಅವರ ಆಧಾರ. 1980ರಲ್ಲಿ ಡೇವಿಡ್ ಪ್ಯಾಟರ್ಸನ್, ಡೇವಿಡ್ ಡಿಟ್ಜೆಲ್ ಇವರು, ವ್ಯಾಕ್ಸಿನ ‘ಇಂಡೆಕ್ಸ್’ ಎಂಬ ಆದೇಶದ ಬದಲಿಗೆ ಕೆಲವು ಸರಳಾದೇಶಗಳನ್ನಿಟ್ಟರೆ ಅದೇ ಕಾರ್ಯವು ಶೇಕಡ 45ರಷ್ಟು ವೇಗವಾಗಿ ನಡೆಯುವುದೆಂದು ತೋರಿಸಿದರು. ಒಂದು ಯಂತ್ರದಲ್ಲಿ ಕಂಡ ದೋಷವನ್ನು ಪದ್ಧತಿಯ ದೋಷವೆನ್ನಲಾಗದೆಂಬ ಸಮಾಧಾನವು ನ್ಯಾಯವಾದುದೇ. ಆದರೆ 1982ರಲ್ಲಿ ಬರ್ಕ್‌ಲೀಯಲ್ಲಿ ಸಿದ್ಧವಾದ ರಿಸ್ಕ್-1 ಪ್ರೊಸೆಸರು ಕೇವಲ 31 ಆದೇಶಗಳಿಂದ ಕಾರ್ಯವನ್ನು ನಿರ್ವಹಿಸಿತು. ಆದೇಶಗಳೆಲ್ಲವೂ ಸಮಾನವಾದ ಉದ್ದವುಳ್ಳವಾದುದರಿಂದ, ಒಂದು ಮುಗಿಯುವ ಮೊದಲೇ ಮುಂದಿನದನ್ನು ತೊಡಗುವುದು ಸುಲಭವಾಯಿತು. ವಿಲ್ಕ್ಸರ ಕ್ರಮದಲ್ಲಿ ಯಂತ್ರದೊಳಗೆ ಅಡಗಿದ್ದ ಸರಳವಾದ ಭಾಷೆಯನ್ನೇ ಹೊರಕ್ಕೆ ತಂದು ಕಂಪೈಲರಿನ ವಶಕ್ಕೆ ಕೊಟ್ಟಂತಾಯಿತು.

ಇಷ್ಟರಿಂದ ಸಂಕೀರ್ಣ ಪದ್ಧತಿಯು ಅಳಿಯಿತೆನ್ನುವುದು ಸಾಧುವಲ್ಲ. ಇಂಟೆಲ್ ಸಂಸ್ಥೆಯ 8086 ಪ್ರೊಸೆಸರು 1978ರಲ್ಲಿ ಹೊರಬಂದಂದಿನಿಂದ ಅದರ ಆದೇಶಗಣಕ್ಕಾಗಿ ಬರೆದ ಕ್ರಮವಿಧಿಗಳ ರಾಶಿಯನ್ನು ತೊರೆಯಲು ಬಳಸುವವರು ಒಪ್ಪಲಿಲ್ಲ. 1995ರ ಪೆಂಟಿಯಂ ಪ್ರೊ ಹೊರಗಿನಿಂದ ಹಳೆಯ ಸಂಕೀರ್ಣಾದೇಶಗಳನ್ನೇ ಸ್ವೀಕರಿಸಿ, ಒಳಗೆ ಅವನ್ನು ಸರಳ ಕ್ರಿಯೆಗಳಾಗಿ ಬಿಡಿಸಿಕೊಂಡಿತು. ಅತ್ತ 1985ರಲ್ಲಿ ಕೇಂಬ್ರಿಜ್ಜಿನ ಏಕಾರ್ನ್ ಸಂಸ್ಥೆಯಲ್ಲಿ ರೂಪುಗೊಂಡ ಸರಳ ಪದ್ಧತಿಯ ಆರ್ಮ್ ಪ್ರೊಸೆಸರಿನ ಸಂತತಿಯು ಮುಂದೆ ಕೈಫೋನುಗಳಲ್ಲೆಲ್ಲ ನೆಲೆಸಿತು. ಆದುದರಿಂದ ಈ ವಿವಾದವನ್ನು ಒಂದು ಪಕ್ಷದ ಜಯವೆಂದು ಎಣಿಸುವುದಕ್ಕಿಂತ, ಬಿಡಿಸುವ ಶ್ರಮವನ್ನು ಕಂಪೈಲರು ಹೊರಬೇಕೆ, ಯಂತ್ರವು ಹೊರಬೇಕೆ ಎಂಬ ಪ್ರಶ್ನೆಗೆ ಕಾಲವೂ ಬಳಕೆಯೂ ಕೊಟ್ಟ ಎರಡು ಉತ್ತರಗಳೆಂದು ತಿಳಿಯುವುದೇ ಯುಕ್ತವಾಗಿದೆ.