ಸಾಕ್ಷಿ ನುಡಿದ ದುರ್ಬಲ ಆಮ್ಲಗಳು

ಉಪ್ಪು ಕರಗಿದ ನೀರಿನಲ್ಲಿ ವಿದ್ಯುತ್ ಹರಿಯುತ್ತದೆ, ಸಕ್ಕರೆ ಕರಗಿದ ನೀರಿನಲ್ಲಿ ಹರಿಯುವುದಿಲ್ಲ. ಏಕೆ? ಹತ್ತೊಂಬತ್ತನೆಯ ಶತಮಾನದ ವಿಜ್ಞಾನಿಗಳನ್ನು ಕಾಡಿದ ಪ್ರಶ್ನೆಯಿದು. ವಿದ್ಯುತ್ ಸಾಗಿಸುವ ಕಣಗಳಿಗೆ ಮೈಕೆಲ್ ಫ್ಯಾರಡೆ 1834ರಲ್ಲಿ 'ಅಯಾನು' ಎಂಬ ಹೆಸರನ್ನು ಬಳಕೆಗೆ ತಂದಿದ್ದರು. ಆದರೆ ವಿದ್ಯುತ್ ಹಾಯಿಸಿದರೆ ಮಾತ್ರ ಅಣುಗಳು ಒಡೆದು ಅಯಾನುಗಳಾಗುತ್ತವೆ ಎಂದೇ ಹಲವರು ನಂಬಿದ್ದರು.

1884ರಲ್ಲಿ ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾಲಯಕ್ಕೆ 25 ವರ್ಷದ ಸ್ವಾಂಟೆ ಅರ್ಹೇನಿಯಸ್ ತಮ್ಮ ಮಹಾಪ್ರಬಂಧ ಒಪ್ಪಿಸಿದರು. ಕರಗಿದ ವಸ್ತುವಿನ ಒಂದು ಪಾಲಷ್ಟೇ ವಿದ್ಯುತ್ ಸಾಗಿಸುತ್ತದೆ, ನೀರು ಹೆಚ್ಚಿದಂತೆ ಆ ಪಾಲೂ ಹೆಚ್ಚುತ್ತದೆ ಎಂಬುದು ಅವರ ವಾದ. ಪ್ರಾಧ್ಯಾಪಕರಿಗೆ ಇದು ರುಚಿಸಲಿಲ್ಲ. ಕೆಳದರ್ಜೆಯಲ್ಲಿ ಪಾಸು ಮಾಡಿದರು. ಅಧ್ಯಾಪಕನಾಗುವ ಆಸೆಗೆ ಅಲ್ಲಿಗೇ ತೆರೆ ಬೀಳುವಂತಿತ್ತು.

ಅರ್ಹೇನಿಯಸ್ ಎದೆಗುಂದದೆ ಪ್ರಬಂಧದ ಪ್ರತಿಯನ್ನು ರಿಗಾ ನಗರದ ವಿಲ್ಹೆಲ್ಮ್ ಓಸ್ಟ್‌ವಾಲ್ಡ್ ಅವರಿಗೆ ಕಳಿಸಿದರು. ಓದಿ ಬೆರಗಾದ ಓಸ್ಟ್‌ವಾಲ್ಡ್ ತಾವೇ ಉಪ್ಸಾಲಾಕ್ಕೆ ಬಂದು, ರಿಗಾದಲ್ಲಿ ಕೆಲಸ ಕೊಡಲು ಮುಂದಾದರು. ಆಮೇಲೆ ಉಪ್ಸಾಲಾವೂ ಅರ್ಹೇನಿಯಸ್ ಅವರಿಗೆ ಅಧ್ಯಾಪಕ ಹುದ್ದೆ ನೀಡಿತು. 1887ರಲ್ಲಿ ಅವರು ತಮ್ಮ ಸಿದ್ಧಾಂತವನ್ನು ಇನ್ನಷ್ಟು ಸ್ಪಷ್ಟಪಡಿಸಿದರು: ವಿದ್ಯುತ್ ಹಾಯಿಸದಿದ್ದರೂ ನೀರಿನಲ್ಲಿ ಅಯಾನುಗಳು ಇದ್ದೇ ಇರುತ್ತವೆ.

ಇದಕ್ಕೆ ಗಟ್ಟಿ ಸಾಕ್ಷಿ ಒದಗಿಸಿದ್ದು ದುರ್ಬಲ ಆಮ್ಲಗಳು. ನಮ್ಮ ಅಡುಗೆಮನೆಯ ವಿನೆಗರ್‌ನಲ್ಲಿರುವ ಅಸಿಟಿಕ್ ಆಮ್ಲವನ್ನೇ ನೋಡಿ. ಲೀಟರಿಗೆ 0.1 ಮೋಲ್ ಇರುವ ದ್ರಾವಣದಲ್ಲಿ ನೂರು ಅಣುಗಳಲ್ಲಿ ಒಡೆದಿರುವುದು ಸುಮಾರು ಒಂದು ಮಾತ್ರ. ಅದನ್ನೇ ನೂರು ಪಟ್ಟು ತೆಳುವಾಗಿಸಿದರೆ, ನೂರರಲ್ಲಿ ಸುಮಾರು ಹನ್ನೆರಡು ಒಡೆದಿರುತ್ತವೆ. ನೀರು ಹೆಚ್ಚಾದಾಗ ಬೇರ್ಪಟ್ಟ ಅಯಾನುಗಳು ದೂರ ದೂರವಾಗಿ, ಮತ್ತೆ ಒಂದಾಗುವ ಅವಕಾಶ ಕಡಿಮೆಯಾಗುವುದೇ ಕಾರಣ. ಹಾಗೆಂದು ಹುಳಿ ಹೆಚ್ಚುವುದಿಲ್ಲ. ಒಡೆದ ಪಾಲು ಹೆಚ್ಚಿದರೂ, ಅಷ್ಟೇ ನೀರಿನಲ್ಲಿರುವ ಅಯಾನುಗಳ ಸಂಖ್ಯೆ ಇಳಿದಿರುತ್ತದೆ. ಈ ಲೆಕ್ಕವನ್ನು ಓಸ್ಟ್‌ವಾಲ್ಡ್ 1888ರಲ್ಲಿ ನಿಯಮವಾಗಿಸಿದರು. ದುರ್ಬಲ ಆಮ್ಲಗಳ ಅಳತೆಗಳು ಅದಕ್ಕೆ ಚೆನ್ನಾಗಿ ಹೊಂದಿದವು.

ಉಪ್ಪಿನಂಥ ಪ್ರಬಲ ವಸ್ತುಗಳು ಮಾತ್ರ ಈ ನಿಯಮಕ್ಕೆ ಬಗ್ಗಲಿಲ್ಲ. ಆ ಒಗಟು ಬಿಡಿಸಲು ಯತ್ನಿಸಿದವರಲ್ಲಿ ಬಂಗಾಳದ ಜ್ಞಾನಚಂದ್ರ ಘೋಷ್ ಒಬ್ಬರು. 1939ರಲ್ಲಿ ಅವರು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾದರು.

ಅರ್ಹೇನಿಯಸ್ ಅವರಿಗೆ 1903ರಲ್ಲಿ ರಸಾಯನ ವಿಜ್ಞಾನದ ನೊಬೆಲ್ ಪ್ರಶಸ್ತಿ ಬಂತು. ಕೆಳದರ್ಜೆ ಪಡೆದ ಆ ಪ್ರಬಂಧದಲ್ಲೇ ಅದರ ಬೀಜವಿತ್ತು.